ವೆಬ್ ಪುಟದಲ್ಲಿ ಅಕ್ಷರಚಿತ್ರ ಚೆದುರಿದಾಗ: ದೋಷ ಹುಡುಕುವ ಕ್ರಮ

ಗೀಟು, ಚುಕ್ಕಿ, ಓರೆಗೆರೆ, ಕಪ್ಪು ಚೌಕಗಳನ್ನು ಸಾಲುಸಾಲಾಗಿ ಜೋಡಿಸಿ ಬರೆದ ಚಿತ್ರ ಎಡಿಟರಿನಲ್ಲಿ ಸರಿಯಾಗಿ ಕಂಡು, ವೆಬ್ ಪುಟಕ್ಕೆ ಹಾಕಿದೊಡನೆ ಚಿಂದಿಯಾಗುವುದುಂಟು. ಒಂದು ಬ್ರೌಸರಿನಲ್ಲಿ ನೆಟ್ಟಗಿದ್ದದ್ದು ಇನ್ನೊಂದರಲ್ಲಿ ವಾಲುತ್ತದೆ, ಕಂಪ್ಯೂಟರಿನಲ್ಲಿ ಚೆನ್ನಾಗಿದ್ದದ್ದು ಫೋನಿನಲ್ಲಿ ಮುರಿಯುತ್ತದೆ. ಆಗ ಹೆಚ್ಚಿನವರು ಮೊದಲು ಫಾಂಟ್ ಬದಲಿಸಿ ನೋಡುತ್ತಾರೆ. ಬಹಳ ಸಲ ದೋಷ ಅಲ್ಲಿರುವುದೇ ಇಲ್ಲ.

ಅಕ್ಷರಚಿತ್ರವೆಂದರೆ ಮನೆಗಳ ಚೌಕಟ್ಟು. ಪ್ರತಿ ಮನೆಯಲ್ಲಿ ಒಂದೇ ಅಕ್ಷರ, ಎಲ್ಲ ಮನೆಗೂ ಒಂದೇ ಅಗಲ, ಒಂದೇ ಎತ್ತರ. ಅದು ಕೆಡುವುದು ಮೂರು ಬಗೆಯಲ್ಲಿ: ಅಕ್ಷರವೇ ಬದಲಾಗಿರುತ್ತದೆ, ಖಾಲಿ ಜಾಗ ಹೆಚ್ಚುಕಡಿಮೆಯಾಗಿರುತ್ತದೆ, ಇಲ್ಲವೇ ಮನೆಯ ಅಳತೆ ಏರುಪೇರಾಗಿರುತ್ತದೆ. ಇವನ್ನು ಇದೇ ಕ್ರಮದಲ್ಲಿ ಪರೀಕ್ಷಿಸಬೇಕು. ಅಕ್ಷರ ಕೆಟ್ಟಿದ್ದರೆ ಪುಟದ ರೂಪ ನಿರ್ಧರಿಸುವ ಯಾವ ಸಿಎಸ್‌ಎಸ್ ನಿಯಮವೂ ಅದನ್ನು ಸರಿಮಾಡದು. ಸ್ಪೇಸ್ ಕಳೆದುಹೋಗಿದ್ದರೆ ಎಂಥ ಫಾಂಟ್ ತಂದರೂ ಅದು ಮರಳುವುದಿಲ್ಲ.

ಮೊದಲು ಪರೀಕ್ಷಾ ಪಟ್ಟಿ

ಕೆಟ್ಟ ಚಿತ್ರವನ್ನೇ ದಿಟ್ಟಿಸುತ್ತ ಕೂತರೆ ಕಾರಣ ತಿಳಿಯುವುದಿಲ್ಲ. ಚಿತ್ರ ಇರುವ ಜಾಗದಲ್ಲೇ, ಅದೇ ಟ್ಯಾಗಿನೊಳಗೆ, ಅದೇ ದಾರಿಯಲ್ಲಿ (ಅದೇ ಎಡಿಟರ್, ಅದೇ ಪ್ರಕಟಣಾ ತಂತ್ರಾಂಶ) ಕೆಳಗಿನ ಪಟ್ಟಿಯನ್ನು ಹಾಕಿ. ಪ್ರತಿ ಸಾಲಿನಲ್ಲೂ 20 ಮನೆ, 21ನೆಯದರಲ್ಲಿ ಒಂದು ನಿಂತಗೀಟು.

12345678901234567890|
....................|
@@@@@@@@@@@@@@@@@@@@|
                    |
────────────────────|
████████████████████|
⠿⠿⠿⠿⠿⠿⠿⠿⠿⠿⠿⠿⠿⠿⠿⠿⠿⠿⠿⠿|
</\> & \\ __  -- '''|

ಎಲ್ಲ ನಿಂತಗೀಟುಗಳೂ ಒಂದರ ಕೆಳಗೊಂದು ಬಂದರೆ ಅಗಲದ ತೊಂದರೆ ಇಲ್ಲ. ಎರಡನೆಯ ಸಾಲು ಕುಗ್ಗಿ ಮೂರನೆಯದು ಉದ್ದವಾದರೆ ಸಮಅಗಲದ ಫಾಂಟೇ ಬಂದಿಲ್ಲ. ನಾಲ್ಕನೆಯ ಸಾಲಿನ ಗೀಟು ಎಡಕ್ಕೆ ಬಂದು ಅಂಟಿದರೆ ಸ್ಪೇಸ್‌ಗಳನ್ನು ಯಾರೋ ನುಂಗಿದ್ದಾರೆ. ಮೊದಲ ನಾಲ್ಕು ಸಾಲು ಸರಿಯಿದ್ದು ಐದು, ಆರು, ಏಳನೆಯವು ತಪ್ಪಿದರೆ ಮುಖ್ಯ ಫಾಂಟಿನಲ್ಲಿ ಆ ಚಿಹ್ನೆಗಳಿಲ್ಲದೆ ಬೇರೆ ಫಾಂಟ್ ನುಸುಳಿದೆ ಎಂದರ್ಥ. ಕೊನೆಯ ಸಾಲು ಮೊಟಕಾದರೆ ಅಥವಾ ರೂಪ ಬದಲಿಸಿದರೆ ಪುಟ ತಯಾರಿಸುವ ಹಂತದಲ್ಲೇ ಅಕ್ಷರಗಳು ಕೆಟ್ಟಿವೆ.

ಚಿತ್ರ ಸರಿದ ರೀತಿಯೂ ಒಂದು ಸುಳಿವು. ಪೂರ್ತಿ ಒಂದು, ಎರಡು, ನಾಲ್ಕು ಮನೆಯಷ್ಟು ಸರಿದಿದ್ದರೆ ಅದು ಸ್ಪೇಸ್ ಅಥವಾ ಟ್ಯಾಬ್‌ನ ಕೆಲಸ. ಕಾಲು ಮನೆ, ಅರ್ಧ ಮನೆ ಸರಿದು, ಬಲಕ್ಕೆ ಹೋದಂತೆ ಅಂತರ ಬೆಳೆಯುತ್ತಿದ್ದರೆ ಅಗಲದ ದೋಷ. ಮೊದಲ ಸಾಲು ಮಾತ್ರ ಸರಿದಿದ್ದರೆ ಅದರ ಕಾರಣಗಳೇ ಬೇರೆ. ಅವನ್ನು ಮುಂದೆ ನೋಡೋಣ.

ಅಕ್ಷರವೇ ಬದಲಾಗಿದ್ದರೆ

ಒಂದು ಕಪ್ಪು ಚೌಕ ಇರಬೇಕಾದ ಕಡೆ ಮೂರು ವಿಚಿತ್ರ ಅಕ್ಷರಗಳು, ಅಂದರೆ ಟೊಪ್ಪಿ ಹಾಕಿದ ಎ, ಒಂದು ಅಡ್ಡಗೀಟು, ಮತ್ತೊಂದು ಬಿಡಿ ಟೊಪ್ಪಿ ಕಂಡರೆ, ಫೈಲ್ ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿದೆ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ), ಬ್ರೌಸರ್ ಅದನ್ನು ವಿಂಡೋಸ್-1252 ಎಂಬ ಬೇರೆ ಪದ್ಧತಿ ಎಂದುಕೊಂಡು ಓದಿದೆ. █ ಚಿಹ್ನೆ ಯುಟಿಎಫ್-8ರಲ್ಲಿ 226, 150, 136 ಎಂಬ ಮೂರು ಬೈಟ್. ಮೂರನ್ನೂ ಬಿಡಿಬಿಡಿಯಾಗಿ ಓದಿದ್ದರಿಂದ ಸಾಲು ಸರಿಯಾಗಿ ಮೂರುಪಟ್ಟು ಉದ್ದವಾಗಿರುತ್ತದೆ.

ಇಲ್ಲಿ ನೋಡಬೇಕಾದ್ದು ಮೂರು ಕಡೆ. ಪುಟದ ತಲೆಯಲ್ಲಿರುವ ಮೆಟಾ ಚಾರ್‌ಸೆಟ್ ಟ್ಯಾಗ್ ಫೈಲಿನ ಮೊದಲ 1024 ಬೈಟ್‌ಗಳೊಳಗೆ ಇರಬೇಕು; ಅದಕ್ಕೂ ಮೊದಲು ಉದ್ದನೆಯ ಕಾಮೆಂಟ್ ಅಥವಾ ಸ್ಕ್ರಿಪ್ಟ್ ತುರುಕಿದ್ದರೆ ಅದು ಲೆಕ್ಕಕ್ಕೆ ಬಾರದೇ ಹೋಗಬಹುದು. ಸರ್ವರ್ ಕಳಿಸುವ ಕಂಟೆಂಟ್-ಟೈಪ್ ಹೆಡರಿನಲ್ಲಿ ಬೇರೆ ಎನ್‌ಕೋಡಿಂಗ್ ಬರೆದಿದ್ದರೆ ಮೆಟಾ ಟ್ಯಾಗನ್ನು ಅದು ಮೀರುತ್ತದೆ. ಫೈಲಿನ ಆರಂಭದಲ್ಲಿ ಬೈಟ್ ಆರ್ಡರ್ ಮಾರ್ಕ್ ಎಂಬ, ಎನ್‌ಕೋಡಿಂಗ್ ಸೂಚಿಸುವ ಗುರುತು ಇದ್ದರೆ ಅದು ಎರಡನ್ನೂ ಮೀರುತ್ತದೆ. ಹೆಡರ್ ಏನು ಬಂದಿದೆ ಎಂಬುದನ್ನು ಬ್ರೌಸರಿನ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಪುಟದ ಹೆಸರು ಒತ್ತಿ ನೋಡಿ. ಟ್ಯಾಗ್‌ಗಳೇ ಇಲ್ಲದ ಬರೀ ಪಠ್ಯದ ಫೈಲನ್ನು ನೇರವಾಗಿ ತೋರಿಸುತ್ತಿದ್ದರೆ ಮೆಟಾ ಟ್ಯಾಗಿಗೆ ಜಾಗವೇ ಇಲ್ಲ. ಅಲ್ಲಿ ಹೆಡರನ್ನೇ ಸರಿಪಡಿಸಬೇಕು.

ಇನ್ನೊಂದು ಬಗೆ ಹಳೆಯ ಡಾಸ್ ಕಾಲದ ಚಿತ್ರಗಳದ್ದು. ಚೌಕಗಳ ಜಾಗದಲ್ಲಿ ಟೊಪ್ಪಿಯ ಯೂ, ಛಾಯೆಗಳ ಜಾಗದಲ್ಲಿ ಡಿಗ್ರಿ ಚಿಹ್ನೆ, ಕೂಡು-ಕಳೆ ಚಿಹ್ನೆ, ಮೇಲಕ್ಕೇರಿದ ಎರಡು ಕಾಣುತ್ತವೆ. ಸಾಲಿನ ಉದ್ದ ಮಾತ್ರ ಸರಿಯಾಗಿಯೇ ಇರುತ್ತದೆ, ಏಕೆಂದರೆ ಇಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್. ಈ ಫೈಲುಗಳು ಕೋಡ್ ಪೇಜ್ 437 ಎಂಬ ಡಾಸ್ ಎನ್‌ಕೋಡಿಂಗಿನಲ್ಲಿವೆ. ಮೆಟಾ ಟ್ಯಾಗಿನಲ್ಲಿ ಆ ಹೆಸರು ಬರೆದು ಪಾರಾಗೋಣವೆಂದರೆ ಆಗದು. ಬ್ರೌಸರುಗಳು ಒಪ್ಪುವ ಎನ್‌ಕೋಡಿಂಗ್ ಪಟ್ಟಿಯಲ್ಲಿ 437 ಇಲ್ಲ. ಮೊದಲೇ ಯುಟಿಎಫ್-8ಕ್ಕೆ ಬದಲಿಸಬೇಕು. ಎನ್‌ಕೋಡಿಂಗ್ ಬದಲಿಸುವ ಐಕಾನ್ವ್ ಆದೇಶಕ್ಕೆ ಮೂಲ ಸಿಪಿ437, ಗುರಿ ಯುಟಿಎಫ್-8 ಎಂದು ಕೊಟ್ಟರೆ 179ರಿಂದ 218ರವರೆಗಿನ 40 ಗೆರೆ ಚಿಹ್ನೆಗಳೂ ಚೌಕ-ಛಾಯೆಗಳೂ ಸರಿಯಾಗಿ ಬರುತ್ತವೆ. ಆದರೆ 32ಕ್ಕಿಂತ ಕೆಳಗಿನ ಬೈಟ್‌ಗಳನ್ನು ಅದು ನಿಯಂತ್ರಣ ಸಂಕೇತಗಳೆಂದೇ ಬಿಡುತ್ತದೆ. ಡಾಸ್ ಪರದೆಯಲ್ಲಿ ಅವೇ ನಗುಮುಖ, ಇಸ್ಪೀಟಿನ ಚಿಹ್ನೆ, ಬಾಣಗಳಾಗಿ ಕಾಣುತ್ತಿದ್ದವು. ಚಿತ್ರದಲ್ಲಿ ಅವಿದ್ದರೆ ಪಟ್ಟಿ ಇಟ್ಟುಕೊಂಡು ಒಂದೊಂದನ್ನೇ ಬದಲಿಸದೆ ಗತ್ಯಂತರವಿಲ್ಲ.

ಅದೇ ಕಾಲದ ಬಣ್ಣದ ಆನ್ಸಿ ಫೈಲುಗಳಲ್ಲಿ ಮತ್ತೆರಡು ತೊಡಕು. ಕೊನೆಯಲ್ಲಿ ಚಿತ್ರಕ್ಕೆ ಸಂಬಂಧವಿಲ್ಲದ ಹೆಸರು, ತಾರೀಖಿನಂಥ ಪಠ್ಯ ಕಂಡರೆ ಅದು ಸಾಸ್ ದಾಖಲೆ: ಬೈಟ್ 26ರ ನಂತರ ಬರುವ 128 ಬೈಟ್‌ಗಳ ಮಾಹಿತಿ. ಅದನ್ನು ಕತ್ತರಿಸಿ, ಆದರೆ ಕತ್ತರಿಸುವ ಮೊದಲು ಒಮ್ಮೆ ಓದಿಕೊಳ್ಳಿ. ಚಿತ್ರದ ಅಗಲ ಎಷ್ಟು ಕಾಲಂ ಎಂಬುದು ಅದರೊಳಗೇ ಇರುತ್ತದೆ. ಆ ಅಗಲ ಏಕೆ ಬೇಕೆಂದರೆ, 80 ಕಾಲಂ ತುಂಬಿದ ಸಾಲಿನ ಕೊನೆಯಲ್ಲಿ ಎಷ್ಟೋ ಕಲಾವಿದರು ಸಾಲುಮುರಿ ಹಾಕುತ್ತಲೇ ಇರಲಿಲ್ಲ. ಪರದೆಯೇ 80ಕ್ಕೆ ಮುಂದಿನ ಸಾಲಿಗೆ ಹೋಗುತ್ತಿತ್ತು. ಬ್ರೌಸರಿಗೆ ಆ ಲೆಕ್ಕ ಗೊತ್ತಿಲ್ಲ, ಹಾಗಾಗಿ ಇಡೀ ಚಿತ್ರ ಒಂದೇ ಉದ್ದನೆಯ ಸಾಲಾಗುತ್ತದೆ. ಬಣ್ಣ, ಕರ್ಸರ್ ಚಲನೆಯ ಸಂಕೇತಗಳನ್ನೂ ಸೇರಿಸಿ ಓದಬಲ್ಲ ಆನ್ಸಿ ಪರಿವರ್ತಕದಿಂದಲೇ ಇದನ್ನು ಬದಲಿಸಬೇಕು. ಕೈಯಲ್ಲಿ ಮಾಡುವ ಕೆಲಸವಲ್ಲ.

ಚಿತ್ರದ ತುಂಡೇ ಮಾಯವಾಗಿದ್ದರೆ ಕೋನಚಿಹ್ನೆಗಳನ್ನು ನೋಡಿ. ಎಚ್‌ಟಿಎಂಎಲ್‌ನಲ್ಲಿ < ನಂತರ ಇಂಗ್ಲಿಷ್ ಅಕ್ಷರ ಬಂದರೆ ಟ್ಯಾಗ್ ಶುರುವಾಯಿತೆಂದು ಬ್ರೌಸರ್ ತಿಳಿದು, ಮುಂದಿನ > ಸಿಗುವವರೆಗೂ ನುಂಗುತ್ತದೆ. < ನಂತರ ಅಡ್ಡಗೀಟೋ ಅಂಕಿಯೋ ಆವರಣವೋ ಬಂದರೆ ಹಾಗೆಯೇ ಬಿಡುತ್ತದೆ. ಹೀಗಾಗಿ ಮೀನಿನ ಚಿತ್ರ ಬದುಕಿ, ಪಕ್ಕದ ಹಕ್ಕಿಯ ಚಿತ್ರ ಸಾಯಬಹುದು. ಹೆಚ್ಚು ಮೋಸ ಮಾಡುವುದು </ ಜೋಡಿ. ಅದರ ಬೆನ್ನಿಗೆ ಅಕ್ಷರವಲ್ಲದ್ದು ಬಂದರೆ ಬ್ರೌಸರ್ ಅದನ್ನು ಕಾಮೆಂಟಾಗಿ ಪರಿಗಣಿಸಿ > ವರೆಗೆ ಅಡಗಿಸುತ್ತದೆ. ಪರೀಕ್ಷಾ ಪಟ್ಟಿಯ ಕೊನೆಯ ಸಾಲಿನಲ್ಲಿ </\> ಇಟ್ಟಿರುವುದು ಇದಕ್ಕೇ; ಅದು ಕಾಣದಿದ್ದರೆ ಚಿಹ್ನೆಗಳನ್ನು ಬದಲಿಸದೆ ಹಾಕಿದ್ದೀರಿ. <! ಮತ್ತು <? ಜೋಡಿಗಳಿಗೂ ಇದೇ ಗತಿ.

ಪರಿಹಾರ: ಮೊದಲು ಎಲ್ಲ & ಗಳನ್ನು &#38; ಮಾಡಿ, ಆಮೇಲೆ ಎಲ್ಲ < ಗಳನ್ನು &#60; ಮಾಡಿ. ಕ್ರಮ ತಿರುಗಿಸಿದರೆ ಹೊಸದಾಗಿ ಬಂದ & ಮತ್ತೊಮ್ಮೆ ಬದಲಾಗಿ ಪುಟದಲ್ಲಿ &#60; ಎಂದೇ ಕಾಣುತ್ತದೆ. ಜಾವಾಸ್ಕ್ರಿಪ್ಟಿನಿಂದ ಚಿತ್ರ ಹಾಕುವುದಾದರೆ ಇನ್ನರ್‌ಎಚ್‌ಟಿಎಂಎಲ್ ಬಿಟ್ಟು ಟೆಕ್ಸ್ಟ್‌ಕಂಟೆಂಟ್ ಬಳಸಿ. ಆಗ ಈ ಬದಲಾವಣೆಯೇ ಬೇಡ. ಆದರೆ ಸ್ಕ್ರಿಪ್ಟಿನ ಉದ್ಧರಣೆಯೊಳಗೆ \ ಗೆ ಬೇರೆ ಅರ್ಥವಿದೆ. ಎರಡು \ ಬರೆದರೆ ಒಂದೇ ಉಳಿಯುತ್ತದೆ, ಒಂದು ಬರೆದರೆ ಅದು ಪಕ್ಕದ ಅಕ್ಷರದೊಂದಿಗೆ ಸೇರಿ ಬೇರೇನೋ ಆಗಬಹುದು. ಸ್ಟ್ರಿಂಗ್.ರಾ ಎಂಬ ಸೌಲಭ್ಯ ಇದಕ್ಕೆ ಸರಿಯಾದ ಮದ್ದು, ಚಿತ್ರದಲ್ಲಿ ಬ್ಯಾಕ್‌ಟಿಕ್ (`) ಇಲ್ಲದಿದ್ದರೆ.

ಚಿಹ್ನೆಗಳಿಂದಲೇ ಅಕ್ಷರದ ರೂಪ ಸೂಚಿಸುವ ಮಾರ್ಕ್‌ಡೌನ್‌ನಲ್ಲಿ ಬರೆಯುವವರಿಗೆ _ ಮತ್ತು * ಗಳು ಕಾಣೆಯಾಗಿ ಅಕ್ಷರ ಓರೆಯಾಗುವುದು ಪರಿಚಿತ. ಚಿತ್ರದ ಮೇಲೆ ಕೆಳಗೆ ಮೂರು ಬ್ಯಾಕ್‌ಟಿಕ್‌ನ ಬೇಲಿ ಹಾಕಿ. ಚಿತ್ರದೊಳಗೇ ಮೂರು ಬ್ಯಾಕ್‌ಟಿಕ್ ಇದ್ದರೆ ಬೇಲಿಗೆ ನಾಲ್ಕು ಬಳಸಿ. ನೇರ ಉದ್ಧರಣ ಚಿಹ್ನೆ ಬಾಗಿದ್ದರೆ, ಎರಡು ಗೀಟು ಸೇರಿ ಒಂದು ಉದ್ದ ಗೀಟಾಗಿದ್ದರೆ, ಮೂರು ಚುಕ್ಕಿ ಒಂದೇ ಮನೆಗೆ ಕುಗ್ಗಿದ್ದರೆ ಪ್ರಕಟಣಾ ತಂತ್ರಾಂಶ ಅಥವಾ ವರ್ಡ್ ಪ್ರೊಸೆಸರ್ ಚಿಹ್ನೆಗಳನ್ನು ‘ಅಂದಗೊಳಿಸಿದೆ’. ಚಿತ್ರವನ್ನು ವರ್ಡ್ ಪ್ರೊಸೆಸರಿಗೆ ಹಾಕಿ ತೆಗೆಯುವ ಅಭ್ಯಾಸವನ್ನೇ ಬಿಡುವುದು ಒಳ್ಳೆಯದು.

ಖಾಲಿ ಜಾಗ ಕೈಕೊಟ್ಟರೆ

ಸಾಮಾನ್ಯ ಪ್ಯಾರಾದಲ್ಲಿ ಎಷ್ಟೇ ಸ್ಪೇಸ್, ಟ್ಯಾಬ್, ಸಾಲುಮುರಿ ಹಾಕಿದರೂ ಬ್ರೌಸರ್ ಎಲ್ಲವನ್ನೂ ಒಂದೇ ಸ್ಪೇಸ್ ಮಾಡುತ್ತದೆ. ಅದನ್ನು ತಡೆದು ಬರೆದಂತೆಯೇ ತೋರಿಸಲು ಇರುವುದು ಪ್ರೀ ಟ್ಯಾಗ್. ಪ್ರತಿ ಸ್ಪೇಸ್‌ಗೂ &#160; (ಬ್ರೌಸರ್ ಕುಗ್ಗಿಸದ ಸ್ಪೇಸ್) ಹಾಕಿ, ಪ್ರತಿ ಸಾಲಿಗೂ ಬಿಆರ್ ಟ್ಯಾಗ್ ಹಾಕಿ ಗೆಲ್ಲಲು ಹೊರಟವರ ಪುಟಗಳು ಇನ್ನೂ ಸಿಗುತ್ತವೆ. ಅಲ್ಲಿಂದ ಚಿತ್ರವನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಆ ವಿಶೇಷ ಸ್ಪೇಸ್‌ಗಳೂ ಜೊತೆಗೆ ಬರಬಹುದು. ಕಣ್ಣಿಗೆ ಕಾಣದ ಈ ಕಸ ಟರ್ಮಿನಲ್ಲಿನಲ್ಲೋ ಕೋಡಿನಲ್ಲೋ ತೊಂದರೆ ಕೊಡುತ್ತದೆ.

ಪ್ರೀ ಬದಲು ಡಿವ್ ಟ್ಯಾಗಿಗೆ ವೈಟ್-ಸ್ಪೇಸ್ ಗುಣವನ್ನು ಪ್ರೀ ಎಂದು ಕೊಟ್ಟರೂ ಬ್ರೌಸರ್ ಒಪ್ಪುತ್ತದೆ. ನಾವು ಹಾಗೆ ಮಾಡಬೇಡಿ ಎನ್ನುತ್ತೇವೆ. ಪುಟವನ್ನು ಕಿರಿದುಗೊಳಿಸುವ ಮಿನಿಫೈಯರ್‌ಗಳು ಪ್ರೀ ಟ್ಯಾಗನ್ನು ಗುರುತಿಸಿ ಮುಟ್ಟದೆ ಬಿಡುತ್ತವೆ, ಡಿವ್‌ನ ಒಳಗಿನ ಸ್ಪೇಸ್‌ಗಳನ್ನು ಮಾತ್ರ ಅಳಿಸುತ್ತವೆ. ಅವುಗಳಿಗೆ ಸಿಎಸ್‌ಎಸ್ ಗೊತ್ತಿಲ್ಲ. ‘ನನ್ನ ಕಂಪ್ಯೂಟರಿನಲ್ಲಿ ಸರಿಯಿದೆ, ಸರ್ವರಿಗೆ ಹಾಕಿದರೆ ಕೆಡುತ್ತದೆ’ ಎಂಬ ದೂರಿನ ಹಿಂದೆ ಇದಿರಬಹುದೇ ಎಂದು ಮೊದಲು ನೋಡಿ. ರಿಯಾಕ್ಟ್‌ನಂಥ ಚೌಕಟ್ಟಿನ ಜೆಎಸ್‌ಎಕ್ಸ್‌ನಲ್ಲಿ ಪ್ರೀ ಒಳಗೂ ಸಾಲುಗಳು ಕೂಡಿಕೊಳ್ಳುತ್ತವೆ. ಅಲ್ಲಿ ಚಿತ್ರವನ್ನು ಸ್ಟ್ರಿಂಗ್ ಆಗಿಯೇ ಒಪ್ಪಿಸಬೇಕು.

ಮೊದಲ ಸಾಲು ಮಾತ್ರ ಸರಿದಿದ್ದರೆ ಹೀಗೆ ವಿಂಗಡಿಸಿ:

- ಮೊದಲ ಸಾಲು ಎಡಕ್ಕೆ ಪೂರ್ತಿ ಅಂಟಿದೆ: ಪ್ರಕಟಣಾ ತಂತ್ರಾಂಶ ಪಠ್ಯದ ಆರಂಭದ ಸ್ಪೇಸ್‌ಗಳನ್ನು ಕತ್ತರಿಸಿದೆ. ಆ ಸಾಲಿನ ಮೊದಲ ಸ್ಪೇಸ್ ಒಂದನ್ನು ಮಾತ್ರ &#160; ಮಾಡಿ.
- ಮೊದಲನೆಯದು ಸರಿ, ಉಳಿದೆಲ್ಲ ಸಾಲು ಒಂದೇ ಸಮನೆ ಬಲಕ್ಕೆ ಹೋಗಿವೆ: ಟೆಂಪ್ಲೇಟು ತನ್ನ ಇಂಡೆಂಟನ್ನು ಪ್ರತಿ ಸಾಲಿಗೂ ಸೇರಿಸಿದೆ. ಚಿತ್ರದ ಸಾಲುಗಳನ್ನು ಫೈಲಿನ ಎಡ ಅಂಚಿನಿಂದಲೇ ಶುರುಮಾಡಿ, ಟೆಂಪ್ಲೇಟಿನ ತಾನಾಗಿ ಇಂಡೆಂಟ್ ಮಾಡುವ ಆಯ್ಕೆಯನ್ನು ನಿಲ್ಲಿಸಿ.
- ಮೊದಲ ಸಾಲು ಕೆಲವೇ ಪಿಕ್ಸೆಲ್ ಬಲಕ್ಕಿದೆ: ಪ್ರೀ ಒಳಗೆ ಕೋಡ್ ಟ್ಯಾಗ್ ಇದ್ದು ಅದಕ್ಕೆ ಥೀಮ್ ಎಡ ಪ್ಯಾಡಿಂಗ್ ಕೊಟ್ಟಿದೆ. ಪ್ಯಾಡಿಂಗ್ ಸೊನ್ನೆ ಮಾಡಿ.
- ಮೊದಲ ಸಾಲು ಒಂದೆರಡು ಅಕ್ಷರದಷ್ಟು ಬಲಕ್ಕಿದ್ದು, ಮೂಲದಲ್ಲಿ ಸ್ಪೇಸ್ ಇಲ್ಲ: ಟೆಕ್ಸ್ಟ್-ಇಂಡೆಂಟ್ ಗುಣ ಹೊರಗಿನ ಟ್ಯಾಗಿನಿಂದ ಬಂದಿದೆ. ಅದು ವಂಶಪಾರಂಪರ್ಯವಾಗಿ ಒಳಗಿಳಿಯುವ ಗುಣ. ಪ್ರೀಗೆ ಸೊನ್ನೆ ಎಂದು ಬರೆಯಿರಿ.

ಪ್ರೀ ಟ್ಯಾಗ್ ತೆರೆದ ತಕ್ಷಣ ಬರುವ ಒಂದು ಸಾಲುಮುರಿಯನ್ನು ಬ್ರೌಸರ್ ತಾನೇ ಬಿಟ್ಟುಬಿಡುತ್ತದೆ. ಆದ್ದರಿಂದ ಚಿತ್ರವನ್ನು ಟ್ಯಾಗಿನ ಮುಂದಿನ ಸಾಲಿನಿಂದ ಶುರುಮಾಡಬಹುದು, ಮೇಲೆ ಖಾಲಿ ಸಾಲು ಬರುವುದಿಲ್ಲ. ಫೈಲಿನಲ್ಲಿ ಚಿತ್ರವನ್ನು ಕಣ್ಣಲ್ಲೇ ಪರೀಕ್ಷಿಸಲು ಇದು ಅನುಕೂಲ.

ಪ್ರತಿ ಸಾಲೂ ಪುಟದ ನಡುವಿಗೆ ಬಂದು ಚಿತ್ರ ಗೋಪುರದಂತೆ ಕಂಡರೆ ಹೊರಗಿನ ಟ್ಯಾಗಿನ ಟೆಕ್ಸ್ಟ್-ಅಲೈನ್ ಸೆಂಟರ್ ಒಳಗಿಳಿದಿದೆ. ಇಡೀ ಚಿತ್ರ ನಡುವೆ ಬರಬೇಕು, ಸಾಲುಗಳು ಎಡಕ್ಕೇ ಇರಬೇಕು ಎಂದಾದರೆ ಪ್ರೀಗೆ ಡಿಸ್‌ಪ್ಲೇ ಇನ್‌ಲೈನ್-ಬ್ಲಾಕ್, ಟೆಕ್ಸ್ಟ್-ಅಲೈನ್ ಲೆಫ್ಟ್ ಕೊಡಿ. ಎಲ್ಲ ಸಾಲನ್ನೂ ಸ್ಪೇಸ್ ತುಂಬಿ ಒಂದೇ ಉದ್ದ ಮಾಡಿ ಪಾರಾಗುವುದು ದುರ್ಬಲ ಉಪಾಯ. ಸಾಲಿನ ಕೊನೆಯ ಸ್ಪೇಸ್‌ಗಳನ್ನು ಎಡಿಟರುಗಳು ಉಳಿಸುವಾಗಲೇ ಕತ್ತರಿಸುವುದುಂಟು.

ಟ್ಯಾಬ್ ಬಗ್ಗೆ ಎರಡೇ ಮಾತು. ಬ್ರೌಸರಿನಲ್ಲಿ ಟ್ಯಾಬ್ ನಿಲುಗಡೆ 8 ಮನೆಗೊಂದು, ಎಡಿಟರಿನಲ್ಲಿ ಹೆಚ್ಚಾಗಿ 4 ಅಥವಾ 2. ಟ್ಯಾಬ್-ಸೈಜ್ ಗುಣದಿಂದ ಹೊಂದಿಸಬಹುದಾದರೂ ಎಡಿಟರಿನಲ್ಲೇ ಎಲ್ಲ ಟ್ಯಾಬ್‌ಗಳನ್ನು ಸ್ಪೇಸ್‌ಗೆ ಬದಲಿಸುವುದೇ ಸರಿ. ಲಿನಕ್ಸ್‌ನಲ್ಲಿ ಎಕ್ಸ್‌ಪ್ಯಾಂಡ್ ಆದೇಶ ಅದನ್ನು ಮಾಡುತ್ತದೆ.

ಮನೆಯ ಅಗಲ

ಇಲ್ಲಿಂದ ಫಾಂಟಿನ ವಿಷಯ. ಫಾಂಟ್-ಫ್ಯಾಮಿಲಿಯಲ್ಲಿ ಮಾನೋಸ್ಪೇಸ್ (ಸಮಅಗಲದ ಫಾಂಟ್) ಎಂದಷ್ಟೇ ಬರೆದರೆ ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್ ತಮ್ಮತಮ್ಮ ಫಾಂಟ್ ಎತ್ತಿಕೊಳ್ಳುತ್ತವೆ. ಬರೀ ಆಸ್ಕಿಯ 95 ಮುದ್ರಣ ಅಕ್ಷರಗಳಿಂದ (ಕೀಲಿಮಣೆಯ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳಿಂದ) ಬರೆದ ಚಿತ್ರಕ್ಕೆ ಅದರಿಂದ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಗೆರೆ ಚಿಹ್ನೆಗಳು (ಯೂನಿಕೋಡ್ ದಶಮಾಂಶ 9472ರಿಂದ 9599), ಚೌಕಗಳು (9600ರಿಂದ 9631), ಬ್ರೈಲ್ ಚುಕ್ಕಿಗಳು (10240ರಿಂದ 10495) ಬಂದಾಗ. ಮುಖ್ಯ ಫಾಂಟಿನಲ್ಲಿ ಒಂದು ಚಿಹ್ನೆ ಇಲ್ಲದಿದ್ದರೆ ಬ್ರೌಸರ್ ಆ ಒಂದು ಚಿಹ್ನೆಗೆ ಮಾತ್ರ ಬೇರೆ ಫಾಂಟ್ ಹುಡುಕುತ್ತದೆ. ಆ ಫಾಂಟಿನ ಮನೆ ಬೇರೆ ಅಗಲದ್ದು. ಒಂದೇ ಸಾಲಿನಲ್ಲಿ ಎರಡು ಅಗಲ ಬೆರೆತರೆ ಚಿತ್ರದ ಬಲ ಅಂಚು ಹಲ್ಲುಹಲ್ಲಾಗುತ್ತದೆ.

ಯಾವ ಫಾಂಟ್ ನಿಜವಾಗಿ ಬಳಕೆಯಾಗಿದೆ ಎಂದು ಊಹಿಸಬೇಕಿಲ್ಲ. ಕ್ರೋಮ್‌ನಲ್ಲಿ ಚಿತ್ರದ ಮೇಲೆ ಬಲಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿ, ಕಂಪ್ಯೂಟೆಡ್ ಪಟ್ಟಿಯ ತಳಕ್ಕೆ ಹೋದರೆ ರೆಂಡರ್ಡ್ ಫಾಂಟ್ಸ್ ಎಂಬಲ್ಲಿ ಯಾವ ಫಾಂಟಿನಿಂದ ಎಷ್ಟು ಅಕ್ಷರ ಬಂದಿವೆ ಎಂಬ ಲೆಕ್ಕವಿರುತ್ತದೆ. ಫೈರ್‌ಫಾಕ್ಸ್‌ನಲ್ಲಿ ಇನ್‌ಸ್ಪೆಕ್ಟರಿನ ಫಾಂಟ್ಸ್ ಪಟ್ಟಿ ಇನ್ನೂ ಉತ್ತಮ. ಫಾಂಟಿನ ಹೆಸರಿನ ಮೇಲೆ ಮೌಸ್ ಇಟ್ಟರೆ ಅದರಿಂದ ಬಂದ ಅಕ್ಷರಗಳು ಪುಟದಲ್ಲಿ ಎದ್ದು ಕಾಣುತ್ತವೆ. ಒಂದಕ್ಕಿಂತ ಹೆಚ್ಚು ಫಾಂಟ್ ಕಂಡರೆ ಅಲ್ಲೇ ದೋಷ.

ಖಚಿತವಾದ ಪರಿಹಾರ ಒಂದೇ: ನಿಮ್ಮ ಚಿತ್ರದಲ್ಲಿರುವ ಎಲ್ಲ ಚಿಹ್ನೆಗಳೂ ಇರುವ ಒಂದು ಸಮಅಗಲದ ಫಾಂಟನ್ನು ನಿಮ್ಮ ಸರ್ವರಿನಿಂದಲೇ ಕಳಿಸುವುದು. ಡೆಜಾವು ಸ್ಯಾನ್ಸ್ ಮಾನೋದಲ್ಲಿ ಗೆರೆಗಳೂ ಚೌಕಗಳೂ ಪೂರ್ತಿ ಇವೆ. ವೆಬ್ ಫಾಂಟ್ ಹಾಕಿಯೂ ಗೆರೆಗಳು ಮಾತ್ರ ಸರಿಹೋಗದಿದ್ದರೆ, ಗಾತ್ರ ಕಡಿಮೆ ಮಾಡಲು ಫಾಂಟನ್ನು ಕತ್ತರಿಸಿ ಲ್ಯಾಟಿನ್ ಅಕ್ಷರ ಮಾತ್ರ ಉಳಿಸಿದ ಫೈಲ್ ನಿಮಗೆ ಸಿಕ್ಕಿದೆ. ಫಾಂಟ್ ಹಂಚುವ ಸೇವೆಗಳು ಹೀಗೆ ತುಂಡು ಮಾಡಿಯೇ ಕಳಿಸುವುದುಂಟು. ಫಾಂಟ್ ಬೇರೆ ಡೊಮೈನಿನಲ್ಲಿದ್ದು ಅಲ್ಲಿನ ಸರ್ವರ್ ಅನುಮತಿಯ ಹೆಡರ್ ಕಳಿಸದಿದ್ದರೆ ಬ್ರೌಸರ್ ಅದನ್ನು ಬಳಸುವುದಿಲ್ಲ. ಪುಟದಲ್ಲಿ ಯಾವ ಎಚ್ಚರಿಕೆಯೂ ಕಾಣದು, ಕನ್ಸೋಲ್‌ನಲ್ಲಿ ಮಾತ್ರ ಕೆಂಪು ಸಾಲು ಇರುತ್ತದೆ.

ಪುಟದ ಭಾಷೆಯೂ ಅಗಲವನ್ನು ಕೆಡಿಸಬಲ್ಲದು. ಮಾನೋಸ್ಪೇಸ್ ಎಂಬ ಸಾಮಾನ್ಯ ಹೆಸರಿಗೆ ಯಾವ ಫಾಂಟ್, ಎಷ್ಟು ಗಾತ್ರ ಎಂಬುದನ್ನು ಫೈರ್‌ಫಾಕ್ಸ್ ಪುಟದ ಲ್ಯಾಂಗ್ ಗುಣ ನೋಡಿ ನಿರ್ಧರಿಸುತ್ತದೆ. ಹಾಗಾಗಿ ಇಂಗ್ಲಿಷ್ ಪುಟದಲ್ಲಿ ಸರಿಯಿದ್ದ ಚಿತ್ರ, ಭಾಷೆ ಕನ್ನಡ ಎಂದು ಗುರುತಿಸಿದ ಪುಟದಲ್ಲಿ ಬೇರೆ ಫಾಂಟಿನಲ್ಲಿ ಬರಬಹುದು. ಗೆರೆ ಚಿಹ್ನೆಗಳನ್ನಂತೂ ಯೂನಿಕೋಡ್ ‘ಅಗಲ ಅನಿಶ್ಚಿತ’ ಎಂಬ ವರ್ಗಕ್ಕೆ ಸೇರಿಸಿದೆ. ಜಪಾನಿ, ಚೀನೀ ಫಾಂಟುಗಳಲ್ಲಿ ಅವು ಎರಡು ಮನೆ ಅಗಲವಾಗಿರುತ್ತವೆ. ಚಿತ್ರದ ಪ್ರೀ ಟ್ಯಾಗಿಗೆ ಮಾತ್ರ ಲ್ಯಾಂಗ್ ಗುಣವನ್ನು ಇಂಗ್ಲಿಷಿಗೆ ಇಟ್ಟರೆ ಈ ಎರಡೂ ಬಹುಮಟ್ಟಿಗೆ ತಣ್ಣಗಾಗುತ್ತವೆ.

ಇನ್ನು ಗಾತ್ರದ ಒಂದು ಹಳೆಯ ಚಾಳಿ. ಫಾಂಟ್-ಫ್ಯಾಮಿಲಿ ಮಾನೋಸ್ಪೇಸ್ ಒಂದೇ ಇದ್ದರೆ ಬ್ರೌಸರುಗಳು ಸಾಮಾನ್ಯ 16 ಪಿಕ್ಸೆಲ್ ಬಿಟ್ಟು 13 ಪಿಕ್ಸೆಲ್ ಹಿಡಿಯುತ್ತವೆ. ಮಾನೋಸ್ಪೇಸ್ ಎಂಬ ಪದವನ್ನು ಅಲ್ಪವಿರಾಮ ಹಾಕಿ ಎರಡು ಸಲ ಬರೆದರೆ ಇದು ನಿಲ್ಲುತ್ತದೆ. ವಿಚಿತ್ರವಾಗಿ ಕಂಡರೂ ಕೆಲಸ ಮಾಡುತ್ತದೆ. ಆದರೆ ಗಾತ್ರವನ್ನು ಪಿಕ್ಸೆಲ್‌ನಲ್ಲೇ ಹೇಳಿಬಿಡುವುದು ಇನ್ನೂ ನೇರ.

ಲೆಟರ್-ಸ್ಪೇಸಿಂಗ್ ಗುಣ ಹೊರಗಿನಿಂದ ಇಳಿದಿದ್ದರೆ ಚೌಕಗಳ ನಡುವೆ ಸಣ್ಣ ಸಂದು ಬೀಳುತ್ತದೆ, ಸೊನ್ನೆ ಮಾಡಿ. ಬಾಣದ ಜೋಡಿ, ಮೂರು ಸಮಚಿಹ್ನೆಗಳು ಬೆಸೆದು ಒಂದೇ ಚಿಹ್ನೆಯಾದರೆ ಅದು ಪ್ರೋಗ್ರಾಮರುಗಳಿಗಾಗಿ ಮಾಡಿದ ಫಾಂಟಿನ ಲಿಗೇಚರ್. ಫಾಂಟ್-ವೇರಿಯಂಟ್-ಲಿಗೇಚರ್ಸ್ ಗುಣಕ್ಕೆ ನನ್ ಕೊಡಿ. ನಗುಮುಖ, ಹೃದಯ, ತ್ರಿಕೋನದಂಥ ಚಿಹ್ನೆ ಫೋನಿನಲ್ಲಿ ಬಣ್ಣದ ಎಮೋಜಿಯಾಗಿ ಉಬ್ಬಿದರೆ ಅದರ ಬೆನ್ನಿಗೇ &#65038; ಸೇರಿಸಿ; ಬಣ್ಣ ಹೋಗುತ್ತದೆ, ಅಗಲ ಸರಿಹೋಗುವುದು ಮಾತ್ರ ಫಾಂಟಿನ ಮೇಲೆ ನಿಂತಿದೆ.

ಚಿತ್ರದೊಳಗೆ ಕನ್ನಡದ ಹೆಸರು, ಅಂಕಣದ ತಲೆಬರಹ ಹಾಕುವ ಆಸೆ ಸಹಜ. ಆದರೆ ಕನ್ನಡದ ಅಕ್ಷರಗಳಿಗೆ ಒಂದೇ ಅಗಲವಿಲ್ಲ, ಒತ್ತು-ಗುಣಿತಗಳು ಸೇರಿ ಒಂದು ಅಕ್ಷರ ಎಷ್ಟು ಕೋಡುಗಳಿಂದ ಬೇಕಾದರೂ ಆಗಬಹುದು. ಕನ್ನಡ ಬಂದ ಸಾಲಿನಲ್ಲಿ ಅದರ ಬಲಕ್ಕೆ ಏನನ್ನೂ ಇಡದಿದ್ದರೆ ಕೆಡುವುದಕ್ಕೆ ಏನೂ ಉಳಿಯುವುದಿಲ್ಲ. ಬಲಕ್ಕೆ ಗೆರೆ ಬೇಕೇಬೇಕೆಂದರೆ ಕನ್ನಡದ ತುಂಡನ್ನು ಸ್ಪ್ಯಾನ್ ಟ್ಯಾಗಿನಲ್ಲಿ ಸುತ್ತಿ, ಡಿಸ್‌ಪ್ಲೇ ಇನ್‌ಲೈನ್-ಬ್ಲಾಕ್ ಮಾಡಿ, ಅಗಲವನ್ನು ಸಿಎಚ್ ಎಂಬ ಮಾನದಲ್ಲಿ ಕೊಡಿ. ಒಂದು ಸಿಎಚ್ ಎಂದರೆ ಆ ಫಾಂಟಿನ ಸೊನ್ನೆ ಅಂಕಿಯ ಅಗಲ, ಅಂದರೆ ಸರಿಯಾಗಿ ಒಂದು ಮನೆ.

ಮನೆಯ ಎತ್ತರ

ನಿಂತಗೆರೆಗಳು ಸಾಲುಸಾಲಿಗೂ ತುಂಡಾಗಿ, ಚೌಕಗಳ ನಡುವೆ ಅಡ್ಡ ಪಟ್ಟೆಗಳು ಕಂಡರೆ ಲೈನ್-ಹೈಟ್ (ಸಾಲಿನ ಎತ್ತರ) ಹೆಚ್ಚಾಗಿದೆ. ಓದುವ ಪಠ್ಯಕ್ಕೆ ಥೀಮ್‌ಗಳು 1.5, 1.6 ಇಡುತ್ತವೆ, ಪ್ರೀ ಅದನ್ನೇ ಪಡೆಯುತ್ತದೆ. ಗೆರೆ ಚಿಹ್ನೆಯನ್ನು ಫಾಂಟಿನ ಸಹಜ ಎತ್ತರದಷ್ಟೇ ಬಿಡಿಸಿರುತ್ತಾರೆ. ಕುರಿಯರ್ ನ್ಯೂ, ಕನ್ಸೋಲಾಸ್, ಡೆಜಾವು ಸ್ಯಾನ್ಸ್ ಮಾನೋಗಳಲ್ಲಿ ಆ ಎತ್ತರ ಗಾತ್ರದ 1.13ರಿಂದ 1.17ರಷ್ಟು. ಲೈನ್-ಹೈಟ್ ಅದಕ್ಕಿಂತ ಮೇಲೇರಿದರೆ ಸಂದು, ಕೆಳಗಿದ್ದರೆ ಸಾಲುಗಳು ಒಂದರ ಮೇಲೊಂದು ತುಸು ಹತ್ತುತ್ತವೆ. ಬಣ್ಣ ಪಾರದರ್ಶಕವಾಗಿಲ್ಲದಿದ್ದರೆ ಹತ್ತಿದ್ದು ಕಾಣುವುದಿಲ್ಲ, ಆದ್ದರಿಂದ ತಪ್ಪುವುದಾದರೆ ಕಡಿಮೆಯ ಕಡೆಗೇ ತಪ್ಪಿ.

ಅಳತೆ ಇಡಿಯ ಪಿಕ್ಸೆಲ್‌ನಲ್ಲಿರಲಿ. ಗಾತ್ರ 13, ಲೈನ್-ಹೈಟ್ 1.15 ಎಂದರೆ ಸಾಲಿನ ಎತ್ತರ 14.95. ಕೆಲವು ಸಾಲು ಒಂದು ಪಿಕ್ಸೆಲ್ ಮೇಲೆ, ಕೆಲವು ಕೆಳಗೆ ಕೂತು, ಅಲ್ಲಲ್ಲಿ ಕೂದಲೆಳೆಯ ಸಂದು ಬೀಳಬಹುದು. ಗಾತ್ರ 16 ಪಿಕ್ಸೆಲ್, ಲೈನ್-ಹೈಟ್ 16 ಅಥವಾ 18 ಪಿಕ್ಸೆಲ್ ಎಂದು ನೇರ ಬರೆಯಿರಿ. ಪುಟವನ್ನು 110 ಅಥವಾ 125 ಪ್ರತಿಶತಕ್ಕೆ ಹಿಗ್ಗಿಸಿದಾಗ ಇದೂ ಭಿನ್ನರಾಶಿಗೆ ಬರಬಹುದು. ಸಂದು 100ರಲ್ಲಿ ಮತ್ತು 200ರಲ್ಲಿ ಕಾಣದೆ ನಡುವೆ ಮಾತ್ರ ಕಂಡರೆ ಅದು ನಿಮ್ಮ ತಪ್ಪಲ್ಲ, ಪೂರ್ತಿ ಹೋಗಲಾಡಿಸುವುದೂ ಕಷ್ಟ.

ಸಾಲುಗಳ ಹಿನ್ನೆಲೆಗೆ ಬಣ್ಣ ಕೊಟ್ಟ ಚಿತ್ರಗಳಲ್ಲಿ ಒಂದು ಸೂಕ್ಷ್ಮವಿದೆ. ಸ್ಪ್ಯಾನ್‌ನ ಹಿನ್ನೆಲೆ ಬಣ್ಣ ತುಂಬುವುದು ಫಾಂಟಿನ ಸಹಜ ಎತ್ತರವನ್ನು, ಲೈನ್-ಹೈಟನ್ನಲ್ಲ. ಲೈನ್-ಹೈಟ್ ಹೆಚ್ಚಿಸಿದರೆ ಬಣ್ಣದ ನಡುವೆ ಬಿಳಿ ಪಟ್ಟಿ, ತಗ್ಗಿಸಿದರೆ ಕೆಳಗಿನ ಸಾಲಿನ ಬಣ್ಣ ಮೇಲಿನ ಅಕ್ಷರದ ಕಾಲನ್ನು ಮುಚ್ಚುತ್ತದೆ. ಸ್ಪ್ಯಾನ್‌ಗಳನ್ನು ಇನ್‌ಲೈನ್-ಬ್ಲಾಕ್ ಮಾಡಿ ಎತ್ತರವನ್ನು ಲೈನ್-ಹೈಟ್‌ಗೆ ಸಮ ಮಾಡಿದರೆ ಎರಡೂ ನಿಲ್ಲುತ್ತವೆ.

ಡಾಸ್ ಚಿತ್ರಗಳು ಸಂದಿಲ್ಲದೆ ಬಂದರೂ ಕುಳ್ಳಗೆ, ಅಗಲಕ್ಕೆ ಹಿಗ್ಗಿದಂತೆ ಕಾಣುವುದಕ್ಕೂ ಲೆಕ್ಕವಿದೆ. ಆ ಕಾಲದ ವಿಜಿಎ ಪರದೆಯ ಅಕ್ಷರ 8 ಪಿಕ್ಸೆಲ್ ಅಗಲ, 16 ಎತ್ತರ. ಅದನ್ನು 9 ಪಿಕ್ಸೆಲ್ ಅಗಲದ ಮನೆಯಲ್ಲಿ ಕೂರಿಸಿ, 720×400ರ ಚಿತ್ರವನ್ನು 4:3 ಪರದೆಗೆ ಉದ್ದುದ್ದ ಎಳೆಯುತ್ತಿದ್ದರು. ಕುರಿಯರ್ ನ್ಯೂನ ಮನೆ ಗಾತ್ರದ 0.6 ಅಗಲ. ಲೈನ್-ಹೈಟ್ 1 ಇಟ್ಟರೆ ಅಗಲ-ಎತ್ತರದ ಪ್ರಮಾಣ 0.6, ಮೂಲದಲ್ಲಿ 0.5ಕ್ಕೂ ಕಡಿಮೆ. ಪ್ರಮಾಣ ಸರಿಪಡಿಸಲು ಲೈನ್-ಹೈಟ್ 1.2ಕ್ಕೆ ಏರಿಸಿದರೆ ಸಂದು ತೆರೆದುಕೊಳ್ಳುತ್ತದೆ. ಈ ಇಕ್ಕಟ್ಟಿನಿಂದ ಸಾಮಾನ್ಯ ಫಾಂಟಿನಲ್ಲಿ ಬಿಡುಗಡೆಯಿಲ್ಲ. ವಿಜಿಎ ಅಕ್ಷರಗಳಿಂದಲೇ ಮಾಡಿದ ವೆಬ್ ಫಾಂಟ್ ಬಳಸಿ, ಗಾತ್ರವನ್ನು 16ರ ಗುಣಕದಲ್ಲಿ (16, 32) ಇಡಿ.

ಫೋನಿನಲ್ಲಿ

80 ಕಾಲಂ ಚಿತ್ರಕ್ಕೆ 0.6ರ ಮನೆಯಂತೆ 48 ಇಎಂ (ಫಾಂಟ್ ಗಾತ್ರದ 48 ಪಟ್ಟು) ಅಗಲ ಬೇಕು. 16 ಪಿಕ್ಸೆಲ್ ಗಾತ್ರದಲ್ಲಿ 768 ಪಿಕ್ಸೆಲ್. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಹಿಡಿಸಬೇಕಾದರೆ ಗಾತ್ರ 7.5ಕ್ಕೆ ಇಳಿಯಬೇಕು. ಎರಡು ದಾರಿ: ಓವರ್‌ಫ್ಲೋ-ಎಕ್ಸ್ ಆಟೋ ಕೊಟ್ಟು ಅಡ್ಡಕ್ಕೆ ಸರಿಸಿ ನೋಡಲು ಬಿಡುವುದು, ಅಥವಾ ಗಾತ್ರವನ್ನು ಪರದೆಗೆ ಕಟ್ಟುವುದು. ಎರಡನೆಯದಕ್ಕೆ ಫಾಂಟ್-ಸೈಜ್ ಗುಣದಲ್ಲಿ ಮಿನ್ ಎಂಬ ಕ್ರಿಯೆಯೊಳಗೆ 16 ಪಿಕ್ಸೆಲ್ ಮತ್ತು 2 ವಿಡಬ್ಲ್ಯೂ (ಪರದೆಯ ಅಗಲದ 2 ಪ್ರತಿಶತ) ಕೊಡಿ. 100ನ್ನು 48ರಿಂದ ಭಾಗಿಸಿದರೆ 2.08, ಅಂಚಿನ ಪ್ಯಾಡಿಂಗ್‌ಗೆ ತುಸು ಬಿಟ್ಟು 2. ಓದುಗರು ಬ್ರೌಸರಿನಲ್ಲಿ ಕನಿಷ್ಠ ಅಕ್ಷರ ಗಾತ್ರ ನಿಗದಿ ಮಾಡಿದ್ದರೆ ಅದು ಈ ಲೆಕ್ಕವನ್ನು ಮೀರುತ್ತದೆ, ಆದ್ದರಿಂದ ಓವರ್‌ಫ್ಲೋ ನಿಯಮವೂ ಜೊತೆಗಿರಲಿ. ಇವು ಯಾವುವೂ ಕೆಲಸ ಮಾಡಬೇಕಾದರೆ ಪುಟದ ತಲೆಯಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ ಇರಬೇಕು.

ಉದ್ದ ಸಾಲುಗಳು ಮಡಚಿ ಕೆಳಗಿಳಿದಿದ್ದರೆ ಥೀಮ್ ಫೋನಿಗೆಂದು ವೈಟ್-ಸ್ಪೇಸನ್ನು ಪ್ರೀ-ವ್ರ್ಯಾಪ್ ಮಾಡಿದೆ. ಕಂಪ್ಯೂಟೆಡ್ ಪಟ್ಟಿಯಲ್ಲಿ ಖಾತ್ರಿ ಮಾಡಿಕೊಂಡು ಚಿತ್ರದ ಕ್ಲಾಸಿಗೆ ಮಾತ್ರ ಪ್ರೀ ಎಂದು ಮರಳಿಸಿ. ಫೋನನ್ನು ಅಡ್ಡ ತಿರುಗಿಸಿದಾಗ ಅಕ್ಷರ ತಾನಾಗಿ ದಪ್ಪಗಾದರೆ ಟೆಕ್ಸ್ಟ್-ಸೈಜ್-ಅಡ್ಜಸ್ಟ್ ಗುಣಕ್ಕೆ 100 ಪ್ರತಿಶತ ಕೊಡಿ, ಸಫಾರಿಗಾಗಿ ವೆಬ್‌ಕಿಟ್ ಪೂರ್ವಪದದ ರೂಪವನ್ನೂ ಬರೆಯಿರಿ.

ಈ ನಿಯಮಕ್ಕೆ ಸಿಗದವು

ಬ್ರೈಲ್ ಚುಕ್ಕಿಗಳ ಚಿತ್ರದಲ್ಲಿ ಖಾಲಿ ಮನೆಗೆ ಮಾಮೂಲಿ ಸ್ಪೇಸ್ ಹಾಕಬೇಡಿ. ಚುಕ್ಕಿಗಳು ಬೇರೆ ಫಾಂಟಿನಿಂದ ಬಂದರೆ ಸ್ಪೇಸ್ ಮಾತ್ರ ಮುಖ್ಯ ಫಾಂಟಿನ ಅಗಲದ್ದಾಗಿ ಎಲ್ಲ ಓರೆಯಾಗುತ್ತದೆ. ಖಾಲಿ ಬ್ರೈಲ್ ಚಿಹ್ನೆ &#10240; ಬಳಸಿದರೆ ಇಡೀ ಚಿತ್ರ ಒಂದೇ ಫಾಂಟಿನಿಂದ ಬರುತ್ತದೆ. ಅದು ಬಿಳಿಜಾಗದ ವರ್ಗಕ್ಕೆ ಸೇರದ ಕಾರಣ ಯಾರೂ ಕತ್ತರಿಸುವುದೂ ಇಲ್ಲ. ಖಾಲಿ ಮನೆಯಲ್ಲೂ ಪೊಳ್ಳು ವೃತ್ತಗಳು ಕಂಡರೆ ಆ ಫಾಂಟಿನ ಶೈಲಿಯೇ ಹಾಗೆ, ಫಾಂಟ್ ಬದಲಿಸಿ.

ಜಪಾನಿನ ಶಿಫ್ಟ್-ಜೆಐಎಸ್ ಚಿತ್ರಗಳಿಗೆ ಇಲ್ಲಿ ಹೇಳಿದ ಅಗಲದ ಸೂತ್ರ ತಲೆಕೆಳಗು. ಅವನ್ನು ಬರೆದಿರುವುದೇ ಎಂಎಸ್ ಪಿಗಾಥಿಕ್ ಎಂಬ, ಅಕ್ಷರಕ್ಕೊಂದು ಅಗಲವಿರುವ ಫಾಂಟಿನ ಅಳತೆಗೆ, 16 ಪಿಕ್ಸೆಲ್ ಗಾತ್ರದಲ್ಲಿ. ಮಾನೋಸ್ಪೇಸ್ ಹಾಕಿದರೆ ಅವು ಕೆಡುತ್ತವೆ. ಆ ಫಾಂಟ್ ಇಲ್ಲದ ಯಂತ್ರಗಳಿಗೆ ಅದೇ ಅಳತೆಯಲ್ಲಿ ಮಾಡಿದ ಮೋನಾ ಫಾಂಟ್ ಇದೆ.

ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಬಳಸುವವರಿಗೆ ಅಕ್ಷರಚಿತ್ರವೆಂದರೆ ‘ಗೀಟು ಗೀಟು ಚುಕ್ಕಿ’ ಎಂಬ ಗೋಳು. ಪ್ರೀಗೆ ರೋಲ್ ಗುಣವನ್ನು ಐಎಂಜಿ ಎಂದು ಕೊಟ್ಟು, ಏರಿಯಾ-ಲೇಬಲ್‌ನಲ್ಲಿ ಚಿತ್ರ ಏನೆಂದು ಒಂದು ಸಾಲು ಬರೆಯಿರಿ.

ಎಲ್ಲ ಸರಿಪಡಿಸಿದರೂ ಎಲ್ಲರ ಪರದೆಯಲ್ಲೂ ಚಿತ್ರ ಕೂದಲೆಳೆಯಷ್ಟೂ ತಪ್ಪಬಾರದೆಂದಿದ್ದರೆ, ಉದಾಹರಣೆಗೆ ಲಾಂಛನವಾಗಿ ಬಳಸುವಾಗ, ಅದನ್ನು ಪಿಎನ್‌ಜಿ ಅಥವಾ ಎಸ್‌ವಿಜಿ ಮಾಡಿ. ಎಸ್‌ವಿಜಿಯಲ್ಲಿ ಅಕ್ಷರಗಳನ್ನು ಪಠ್ಯವಾಗಿಯೇ ಉಳಿಸಿದರೆ ಅದೇ ಫಾಂಟ್ ದೋಷ ಅಲ್ಲೂ ಕಾಡುತ್ತದೆ. ಐಎಂಜಿ ಟ್ಯಾಗಿನಿಂದ ತಂದ ಎಸ್‌ವಿಜಿ ಹೊರಗಿನ ವೆಬ್ ಫಾಂಟನ್ನು ತರಿಸಿಕೊಳ್ಳುವುದಿಲ್ಲ. ಉಳಿಸುವ ಮೊದಲು ಅಕ್ಷರಗಳನ್ನೆಲ್ಲ ಪಾತ್ ಎಂಬ ಗೆರೆಯ ರೂಪಕ್ಕೆ ಬದಲಿಸಿ.